ನಾಲ್ಕು ಹಕ್ಕಿಗಳು, ಒಂದು ಪ್ರಶ್ನೆ

ಸಂಶಯ ಬಂದರೆ ಈಮಾನ್ ಹೋಯಿತು ಎಂದು ನಾವು ಮಕ್ಕಳನ್ನು ಗದರಿಸುತ್ತೇವೆ. ಮೂಡಿಗೆರೆ, ಕಳಸದ ಮನೆಗಳಲ್ಲೂ ಈ ಮಾತು ಹೊಸತಲ್ಲ. ಕೇಳಿದ ಹುಡುಗ ಸುಮ್ಮನಾಗುತ್ತಾನೆ. ಅವನ ಪ್ರಶ್ನೆ ಮಾತ್ರ ಒಳಗೇ ಉಳಿಯುತ್ತದೆ.

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 260ನೇ ಸೂಕ್ತ ಗದರಿಸುವುದಿಲ್ಲ. ಸತ್ತವರನ್ನು ಹೇಗೆ ಬದುಕಿಸುವೆಯೆಂದು ತೋರಿಸುವಂತೆ ಪ್ರವಾದಿ ಇಬ್ರಾಹೀಮರು(ಅ) ಅಲ್ಲಾಹನಲ್ಲಿ ಕೇಳುತ್ತಾರೆ. ವಿಶ್ವಾಸವಿದೆ, ಹೃದಯಕ್ಕೆ ನೆಮ್ಮದಿ ಬೇಕಾಗಿದೆ ಎನ್ನುತ್ತಾರೆ. ನಾಲ್ಕು ಹಕ್ಕಿಗಳನ್ನು ಹಿಡಿದು, ಬೆಟ್ಟಗಳ ಮೇಲಿಟ್ಟು, ಕರೆಯುವಂತೆ ಅವರಿಗೆ ಆದೇಶವಾಗುತ್ತದೆ.

ಇದು ಸಂಶಯವಲ್ಲ, ಕಣ್ಣಾರೆ ಕಾಣುವ ಹಂಬಲ ಎಂದು ಬಹುತೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಒಪ್ಪೋಣ. ಹೂಮಳೆಗಾಗಿ ಮತ್ತೆ ಮತ್ತೆ ಆಕಾಶ ನೋಡುವ ಕಾಫಿ ಬೆಳೆಗಾರನನ್ನು ನಂಬಿಕೆಯಿಲ್ಲದವನೆಂದು ಯಾರೂ ಜರೆಯುವುದಿಲ್ಲ. ಹಾಗಿದ್ದರೆ ನಮ್ಮ ಹುಡುಗನ ಪ್ರಶ್ನೆಯಲ್ಲೂ ಅದೇ ಹಂಬಲ ಏಕಿರಬಾರದು?

13ನೇ ಶತಮಾನದ ಸೂಫಿ ಕವಿ ಜಲಾಲುದ್ದೀನ್ ರೂಮಿ 'ಮಸ್ನವಿ'ಯ ಐದನೇ ಸಂಪುಟದಲ್ಲಿ ಈ ಹಕ್ಕಿಗಳನ್ನು ಮನುಷ್ಯನೊಳಗೇ ಕಾಣುತ್ತಾರೆ. ಬಾತು ದುರಾಸೆ, ಹುಂಜ ಕಾಮ, ನವಿಲು ಪ್ರತಿಷ್ಠೆ, ಕಾಗೆ ಲೌಕಿಕ ಹಂಬಲ. ಇವುಗಳನ್ನು ಕೊಂದರೆ ಹೃದಯಕ್ಕೆ ಜೀವ ಬರುತ್ತದೆ. ಈ ಓದು ಆಳವಾದುದು. ಆದರೆ ಇದರಲ್ಲಿ ದುರ್ಗುಣಗಳು ಮುಂದೆ ಬಂದು, ಇಬ್ರಾಹೀಮರ ಪ್ರಶ್ನೆ ಹಿಂದೆ ಸರಿಯುತ್ತದೆ ಎಂಬುದು ನಮ್ಮ ಆಕ್ಷೇಪ.

ಸೂಕ್ತದಲ್ಲಿರುವ 'ಸುರ್‌ಹುನ್ನ' ಎಂಬ ಪದಕ್ಕೆ ಎರಡು ಅರ್ಥಗಳನ್ನು ಹೇಳಲಾಗಿದೆ: ಕತ್ತರಿಸು ಎಂಬುದು ಒಂದು, ನಿನ್ನತ್ತ ಒಲಿಸಿಕೋ ಎಂಬುದು ಇನ್ನೊಂದು. ಅಬೂ ಮುಸ್ಲಿಂ ಇಸ್ಫಹಾನಿ ಕತ್ತರಿಸುವ ಅರ್ಥವನ್ನೇ ಒಪ್ಪಲಿಲ್ಲ. ಬೆಟ್ಟದ ಮೇಲೆ 'ಒಂದು ಭಾಗ' ಇಡಬೇಕೆಂಬ ಮಾತು ಬಹುಮತದ ಕಡೆಗೇ ಇದೆ, ನಿಜ. ಆದರೂ ಒಲಿಸಿಕೊಳ್ಳದ ಹಕ್ಕಿ ಕರೆದರೆ ಬಾರದು. ಅಂತರಂಗವೂ ಹಾಗೆಯೇ. ಹೊಡೆದು ಸುಮ್ಮನಿರಿಸಿದ ಮನಸ್ಸು ಒಲಿದ ಮನಸ್ಸಲ್ಲ.

ಬೆಟ್ಟವೆಂದಾಗ ಬಾಬಾಬುಡನ್‌ಗಿರಿ ನೆನಪಾಗುತ್ತದೆ. ದಾದಾ ಹಯಾತ್ ಮೀರ್ ಖಲಂದರ್ ಮತ್ತು ದತ್ತಾತ್ರೇಯ, ಎರಡು ಹೆಸರುಗಳಿಗೂ ಭಕ್ತರು ಒಂದೇ ಗುಹೆಗೆ ಬಂದರು. ಅಲ್ಲಿನ ವಿಧಿಗಳನ್ನು ಮುಜಾವರ್ ನಡೆಸಬೇಕೆಂಬ 2018ರ ಸರಕಾರಿ ಆದೇಶವನ್ನು 2021ರಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಹಕ್ಕಿನ ಪ್ರಶ್ನೆ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು. ಆದರೆ ಇಂಥ ವಿವಾದಗಳಲ್ಲಿ ಪ್ರತಿಷ್ಠೆಯ ನವಿಲು ಎಲ್ಲರಿಗೂ ಎದುರಿನವರ ಅಂಗಳದಲ್ಲೇ ಕಾಣುತ್ತದೆ. ರೂಮಿ ಅದನ್ನು ಹುಡುಕಲು ಹೇಳಿದ್ದು ನಮ್ಮೊಳಗೆ. ಸೂಕ್ತವೂ ಹಕ್ಕಿಗಳನ್ನು ಕೊಟ್ಟದ್ದು ಪ್ರಶ್ನೆ ಕೇಳಿದವರ ಕೈಗೇ.

ಅಲ್ಲಾಹನು ತನ್ನ ಪ್ರವಾದಿಯ ಪ್ರಶ್ನೆಗೆ ಉತ್ತರ ಕೊಟ್ಟನು. ಮಕ್ಕಳ ಬಾಯಿ ಮುಚ್ಚಿಸುವ ಮುನ್ನ ನಾವು ಇದನ್ನು ನೆನೆಯಬೇಡವೇ? ಉತ್ತರ ತಿಳಿಯದಿದ್ದರೆ ತಿಳಿಯದು ಎಂದು ಹೇಳಿ, ಅವರ ಜೊತೆ ಕುಳಿತು ಹುಡುಕೋಣ.