ವಸ್ತಿ ಇಲ್ಲದ ಪ್ರವಾಸ

ಬೆಳಗಾವಿಯಿಂದ ಬಾದಾಮಿ ನೋಡಿ ಬರಲು ಒಂದು ದಿನ ಸಾಕು ಎನ್ನುವುದು ನಮ್ಮ ಕಡೆಯ ಲೆಕ್ಕ. ನಸುಕಿನಲ್ಲಿ ಗಾಡಿ ಬಿಟ್ಟರೆ ಮುಂಜಾನೆ ಮೇಣಬಸದಿ, ಮಧ್ಯಾಹ್ನ ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಮೊಸರು. ಆಮೇಲೆ ಪಟ್ಟದಕಲ್ಲು, ಐಹೊಳೆ, ಹೊತ್ತು ಮುಳುಗುವ ಮೊದಲು ಕೂಡಲಸಂಗಮ. ಶಾಲೆಯ ಪ್ರವಾಸದ ಬಸ್ಸು ಹೀಗೇ ಓಡುತ್ತದೆ. ನಾನು ಮೊದಲ ಸಲ ಬಾದಾಮಿ ಕಂಡದ್ದೂ ಅಂಥ ಬಸ್ಸಿನಲ್ಲಿ ಹೋಗಿಯೇ. ಈಚೆಗೆ ಈ ಕಣಿವೆಯ ಮೇಲೆ ಕನ್ನಡದಲ್ಲಿ ಬಂದ ಪ್ರವಾಸ ಬರಹಗಳನ್ನು ಒಟ್ಟಿಗೆ ಓದುತ್ತಿದ್ದಾಗ, ಬರೆಯುವವರು ಕೂಡ ಅದೇ ಬಸ್ಸಿನಲ್ಲಿದ್ದಾರೆ ಅನಿಸಿತು. ಬೆಳಿಗ್ಗೆ ತಲುಪುತ್ತಾರೆ, ಪುಲಕೇಶಿಯ ಕತೆ ಹೇಳುತ್ತಾರೆ, ಶಿಲ್ಪ ಹೊಗಳುತ್ತಾರೆ, ಸ್ವಚ್ಛತೆಯ ಬಗ್ಗೆ ಬೇಸರಪಟ್ಟು ಸಂಜೆ ಹೊರಡುತ್ತಾರೆ. ರಾತ್ರಿ ಆ ಊರುಗಳಲ್ಲಿ ಏನಾಗುತ್ತದೆ ಎಂಬುದು ಈ ಬರಹಗಳಲ್ಲಿ ಇಲ್ಲ.

ಉತ್ತರ ಕರ್ನಾಟಕದ ಮಾತಿನಲ್ಲಿ ರಾತ್ರಿ ಉಳಿಯುವುದಕ್ಕೆ ‘ವಸ್ತಿ ಇರುವುದು’ ಎನ್ನುತ್ತಾರೆ. ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಗ್ಗೆ ಹೊರಡುವ ಬಸ್ಸು ವಸ್ತಿ ಬಸ್ಸು. ‘ಪ್ರವಾಸ’ ಎಂಬ ಪದದೊಳಗೂ ‘ವಾಸ’ವಿದೆ, ಮನೆ ಬಿಟ್ಟು ಬೇರೆಡೆ ವಾಸಿಸುವುದು ಅದರ ಮೂಲ ಅರ್ಥ. ನಮ್ಮ ಪ್ರವಾಸ ಕಥನ ಈ ಅರ್ಥವನ್ನು ಕಳೆದುಕೊಂಡಿರುವುದರಿಂದಲೇ ಮಲಪ್ರಭೆಯ ಕಣಿವೆಯ ಬಹುಪಾಲು ಕಾಲ ಅದರ ಕಣ್ಣಿಗೆ ಬಿದ್ದಿಲ್ಲ ಎನ್ನುವುದು ನನ್ನ ವಾದ.

ಹೋಲಿಕೆಗೆ ಫ್ರಾನ್ಸಿನ ನೈಋತ್ಯದ ವೆಝೇರ್ ಕಣಿವೆಯನ್ನು ನೋಡಬಹುದು. ಸುಣ್ಣಕಲ್ಲಿನ ಬಂಡೆಗಳ ನಡುವೆ ಹರಿದು ದೊರ್ದೋನ್ ನದಿಯನ್ನು ಸೇರುವ ಚಿಕ್ಕ ನದಿ ಅದು. ಆದಿಮಾನವರ ನೆಲೆಗಳು ಮತ್ತು ಚಿತ್ರಗುಹೆಗಳಿಗಾಗಿ 1979ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು. ಪಟ್ಟದಕಲ್ಲು ಸೇರಿದ್ದು 1987ರಲ್ಲಿ. ಅಲ್ಲಿಗೆ ರಜೆಗೆ ಹೋಗುವ ಅನೇಕ ಕುಟುಂಬಗಳು ಹಳ್ಳಿಯಲ್ಲೊಂದು ಮನೆ ಬಾಡಿಗೆ ಹಿಡಿದು ವಾರವಿಡೀ ಇರುತ್ತವೆ. ಒಂದು ದಿನ ಗುಹೆ, ಒಂದು ದಿನ ದೋಣಿ, ಒಂದು ದಿನ ಸಂತೆ, ಒಂದು ದಿನ ಏನೂ ಇಲ್ಲ. ಅವರು ನಮಗಿಂತ ರಸಿಕರೆಂದು ನಾನು ಹೇಳುತ್ತಿಲ್ಲ. ಆದರೆ ಹೆಸರಿಲ್ಲದ, ಇಸವಿಯಿಲ್ಲದ ಒಂದು ಗೀರನ್ನು ನೋಡಲು ಏನೂ ಕೆಲಸವಿಲ್ಲದ ದಿನವೊಂದು ಬೇಕಾಗುತ್ತದೆ.

ನಮ್ಮ ನದಿಯೂ ಚಿಕ್ಕದೇ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ರಾಮದುರ್ಗ ದಾಟಿ ಬಾದಾಮಿಯ ಸೀಮೆಗೆ ಬರುತ್ತದೆ. ಅಲ್ಲಿಂದ ಮುಂದೆ ದಂಡೆಯ ಪ್ರತಿ ಬಂಡೆಗೂ ಓದುಗರಿದ್ದಾರೆ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದಕ್ಕೆ ಶಾಸನವಿದೆ. ಮೂರನೆಯ ಗುಹೆಯಲ್ಲಿ 578ರ ಮಂಗಳೇಶನ ಶಾಸನವಿದೆ. ಐಹೊಳೆಯ ಮೇಗುತಿಯಲ್ಲಿ 634ರ ರವಿಕೀರ್ತಿಯ ಶಾಸನವಿದ್ದು, ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಇರಿಸಿಕೊಂಡಿದ್ದಾನೆ. ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ತ್ರಿಪದಿಗಳಿವೆ. ಅಕ್ಷರಗಳ ಈ ಸಂಪತ್ತೇ ನಮ್ಮ ಬರಹಗಾರರ ಓದಿನ ಮಿತಿಯೂ ಆಗಿದೆ. ಅಕ್ಷರವಿರುವ ಕಲ್ಲಿನಿಂದ ಕತೆ ಶುರುವಾಗುತ್ತದೆ. ಅದಕ್ಕಿಂತ ಹಿಂದಿನದನ್ನು ‘ಇಲ್ಲಿ ಆದಿಮಾನವರೂ ವಾಸಿಸಿದ್ದರಂತೆ’ ಎಂಬ ಒಂದು ವಾಕ್ಯದಲ್ಲಿ ಮುಗಿಸಲಾಗುತ್ತದೆ.

ಆ ‘ಅಂತೆ’ಯ ಹಿಂದೆ ದೊಡ್ಡ ಕೆಲಸವೇ ನಡೆದಿದೆ. 1863ರಲ್ಲಿ ಚೆನ್ನೈ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್, ಮುಂದೆ ಭೂವಿಜ್ಞಾನ ಇಲಾಖೆಯ ಕೆಲಸಕ್ಕಾಗಿ ನಮ್ಮ ಸೀಮೆಯಲ್ಲಿ ತಿರುಗಾಡಿ ಮಲಪ್ರಭೆಯ ಬಯಲಿನಲ್ಲೂ ಅಂಥ ಆಯುಧಗಳನ್ನು ಕಂಡರು. 1955ರಲ್ಲಿ ಆರ್.ವಿ. ಜೋಶಿಯವರು ಈ ಕಣಿವೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಬಾದಾಮಿ ಸಮೀಪದ ಖ್ಯಾಡ ಎಂಬ ಹಳ್ಳಿಯ ಹೆಸರು ಇಂದು ಪುರಾತತ್ವದ ವಿದ್ಯಾರ್ಥಿಗಳಿಗೆ ಗೊತ್ತು, ಪ್ರವಾಸಿಗರಿಗೆ ಗೊತ್ತಿಲ್ಲ. ಬಾದಾಮಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಡ್ಲಫಡಿ ಇದೆ. ಕಮಾನಿನಂತೆ ಬಾಗಿ ನಿಂತ ಬಂಡೆ, ಅದರ ಮೈಮೇಲೆ ಕೆಮ್ಮಣ್ಣಿನ ಬಣ್ಣದ ಪ್ರಾಣಿಗಳು, ಮನುಷ್ಯರು. ವೆಝೇರ್‌ನ ಸುಣ್ಣಕಲ್ಲಿನ ಗುಹೆಗಳು ನೆಲದೊಳಗೆ ಆಳಕ್ಕೆ ಹೋಗುವುದರಿಂದ ಚಿತ್ರಗಳು ಕತ್ತಲಲ್ಲಿ ಉಳಿದುಕೊಂಡವು. ನಮ್ಮ ಮರಳುಗಲ್ಲಿನ ಫಡಿಗಳು ಬಾಯಿ ತೆರೆದುಕೊಂಡಿರುವಂಥವು. ಗಾಳಿ, ಬಿಸಿಲು, ಹೊಗೆ ಎಲ್ಲಕ್ಕೂ ಒಡ್ಡಿಕೊಂಡು ಚಿತ್ರಗಳು ಮಸುಕಾಗಿವೆ. ಮಟಮಟ ಮಧ್ಯಾಹ್ನ ಹೋಗಿ ಮೊಬೈಲ್ ಎತ್ತಿದರೆ ಕಾಣುವುದು ಬರೀ ಬಂಡೆ. ಸ್ವಲ್ಪ ಹೊತ್ತು ಕುಳಿತು ಕಣ್ಣು ಹೊಂದಿಕೊಂಡ ಮೇಲೆ ಒಂದು ಕಾಲು, ಒಂದು ಬೆನ್ನು ಮೆಲ್ಲಗೆ ತೋರುತ್ತವೆ.

ಹೆಸರಿಲ್ಲದವರ ಕಾಲವನ್ನು ಓದುವ ದಾರಿ ಕನ್ನಡ ವಿಮರ್ಶೆಯಲ್ಲಿ ಇಲ್ಲವೆಂದಲ್ಲ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಊರುಗಳ ಹೆಸರುಗಳನ್ನೇ ಹಿಡಿದು ರಾಜರಿಗಿಂತ ಹಿಂದಕ್ಕೆ ಹೋಗಲು ಯತ್ನಿಸಿದರು. ಅವರ ನಿಷ್ಪತ್ತಿಗಳನ್ನೆಲ್ಲ ಇಂದು ಒಪ್ಪಬೇಕಾಗಿಲ್ಲ. ಬರೆದವರಿಲ್ಲದ ಕಡೆ ಕರೆದವರ ಮಾತನ್ನು ಕೇಳಬೇಕು ಎಂಬ ಅವರ ಪಟ್ಟು ಮಾತ್ರ ಪ್ರವಾಸ ಬರಹಕ್ಕೆ ಬೇಕಾದದ್ದು. ಸಿಡ್ಲಫಡಿ ಎಂದರೆ ಸಿಡಿಲಿನ ಫಡಿ. ಬಂಡೆಯಲ್ಲಿ ತೂತು ಬಿದ್ದದ್ದು ಸಿಡಿಲಿನಿಂದ ಎಂದು ಜನ ಓದಿಕೊಂಡಿದ್ದಾರೆ. ತುಂಗಭದ್ರೆಯ ಸೀಮೆಯಲ್ಲಿ, ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲಿನ ಬೃಹತ್ ಶಿಲಾಗೋರಿಗಳನ್ನು ‘ಮೋರೇರ ಮನೆ’ ಎನ್ನುತ್ತಾರೆ. ಸತ್ತವರಿಗೆ ಕಟ್ಟಿದ್ದನ್ನು ಊರಿನವರು ಮನೆ ಎಂದು ಕರೆದರು. ಇವು ತಪ್ಪು ಓದುಗಳಿರಬಹುದು, ಆದರೂ ಅಲ್ಲೇ ಬದುಕಿದವರ ಓದುಗಳು.

ಐಹೊಳೆಯಲ್ಲಂತೂ ಇದು ಇನ್ನೂ ಸ್ಪಷ್ಟ. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಅದರೊಳಗೆ ವಾಸವಾಗಿದ್ದ ಮನುಷ್ಯನಿಂದ. ದುರ್ಗಾ ಗುಡಿಯ ಹೆಸರಿಗೆ ದೇವಿ ಕಾರಣಳಲ್ಲ. ಅದರ ಪಕ್ಕದಲ್ಲಿದ್ದ ದುರ್ಗ, ಅಂದರೆ ಕೋಟೆ ಕಾರಣ. ಗೌಡರ ಗುಡಿ, ಹುಚ್ಚಪ್ಪಯ್ಯನ ಮಠ ಇವೆಲ್ಲ ವಸ್ತಿ ಇದ್ದವರು ಕೊಟ್ಟ ಹೆಸರುಗಳು. ಪ್ರವಾಸ ಬರಹ ಈ ಹೆಸರುಗಳನ್ನು ಬಳಸುತ್ತದೆ, ಹೆಸರು ಕೊಟ್ಟವರನ್ನು ‘ಒತ್ತುವರಿ’ ಎಂಬ ಒಂದೇ ಪದದಲ್ಲಿ ದೂರ ಇಡುತ್ತದೆ. ಸ್ಮಾರಕಗಳ ಸುತ್ತಲಿನ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಐಹೊಳೆಯಲ್ಲಿ ಬಹಳ ಕಾಲದಿಂದ ನಡೆದಿದೆ. ಅದರ ಪರ ವಿರುದ್ಧ ಎರಡೂ ಕಡೆ ಹೇಳುವುದಿದೆ. ನನ್ನ ತಕರಾರು ಇಷ್ಟೇ: ಒಂದು ಗಂಟೆ ಬಂದು ಹೋಗುವವರ ಕಣ್ಣಿಗೆ ಅಡ್ಡಿಯೆಂದು ತಲೆಮಾರುಗಳಿಂದ ಇದ್ದವರ ಮೇಲೆ ತೀರ್ಪು ಕೊಡುವ ಮೊದಲು, ಬರೆಯುವವರು ಅವರ ಕಟ್ಟೆಯ ಮೇಲೆ ಒಂದು ಸಂಜೆಯಾದರೂ ಕುಳಿತಿರಬೇಕು. ವೆಝೇರ್‌ನ ಲೆ ಝೆಝಿಯಲ್ಲಿ ಇಂದಿಗೂ ಜನ ಚಾಚಿದ ಬಂಡೆಯ ಕೆಳಗೇ ಮನೆ ಮಾಡಿಕೊಂಡಿದ್ದಾರೆ, ಪ್ರವಾಸಿಗರಿಗೆ ಅದು ಚೆಂದವಾಗಿಯೇ ಕಾಣುತ್ತದೆ.

ಹಾಗೆಂದು ಉಳಿಯುವುದೆಲ್ಲ ಒಳ್ಳೆಯದೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಂಪಿಯ ಎದುರಿನ ವಿರುಪಾಪುರ ಗಡ್ಡೆಯಲ್ಲಿ ವಾರಗಟ್ಟಲೆ ತಂಗುವವರಿಗಾಗಿ ಎದ್ದ ರೆಸಾರ್ಟುಗಳನ್ನು, ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಬೇಕಾಯಿತು. ವೆಝೇರ್‌ನಲ್ಲೇ ಇನ್ನೂ ದೊಡ್ಡ ಪಾಠವಿದೆ. 1940ರ ಸೆಪ್ಟೆಂಬರ್‌ನಲ್ಲಿ ನಾಲ್ವರು ಹುಡುಗರು ಲಾಸ್ಕೋ ಗುಹೆಯೊಳಗೆ ಇಳಿದರು; 1948ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಹದಿನೈದು ವರ್ಷಗಳಲ್ಲಿ ಜನರ ಉಸಿರು, ಮೈಶಾಖ, ದೀಪಗಳಿಂದ ಗೋಡೆಗೆ ಹಸಿರು ಪಾಚಿ ಹಿಡಿಯಿತು. 1963ರಲ್ಲಿ ಗುಹೆ ಮುಚ್ಚಿದರು. ಈಗ ಜನ ನೋಡುವುದು ಪ್ರತಿಕೃತಿಯನ್ನು: ಮೊದಲನೆಯದು 1983ರದು, ಪೂರ್ಣ ಗುಹೆಯದು 2016ರದು. ಹದಿನೇಳು ಸಾವಿರ ವರ್ಷ ಬಾಳಿದ್ದನ್ನು ಪ್ರೀತಿಯಿಂದ ನೋಡಲು ಬಂದವರೇ ಹದಿನೈದು ವರ್ಷಗಳಲ್ಲಿ ಕೆಡಿಸತೊಡಗಿದ್ದರು.

ಆದ್ದರಿಂದ ಸಿಡ್ಲಫಡಿಯ ಬಗ್ಗೆ ಬರೆಯುವಾಗ ನನಗೂ ಅಳುಕಿದೆ. ಬೇಲಿ ಇಲ್ಲದ, ಸದಾ ಕಾವಲಿಲ್ಲದ ಒಂದು ಬಂಡೆಯ ಹೆಸರು ಹೇಳುವುದೆಂದರೆ ಅಲ್ಲಿಗೆ ಇದ್ದಲಿನ ಚೂರು ಹಿಡಿದವರಿಗೂ ದಾರಿ ತೋರಿಸಿದಂತೆ. ‘ನೀವು ನೋಡಲೇಬೇಕಾದ ಹತ್ತು ತಾಣಗಳು’ ಎಂಬ ಬರಹ ಮಾಡುವುದು ಇದನ್ನೇ. ಸುಮ್ಮನಿರುವುದು ಕೂಡ ಪರಿಹಾರವಲ್ಲ. ಯಾರೂ ಬರೆಯದ ಜಾಗ ಕ್ವಾರಿಗೋ ರಸ್ತೆಗೋ ಹೋದರೆ ಕೇಳುವವರೂ ಇರುವುದಿಲ್ಲ. ಹೋಗಿ ಬನ್ನಿ ಎಂದು ಕರೆಯದೆ, ಹೋಗದವರಿಗೂ ಆ ಜಾಗವನ್ನು ತಲುಪಿಸುವ ಗದ್ಯ ನಮಗೆ ಬೇಕು. ಗೊರೂರರ ‘ಅಮೇರಿಕಾದಲ್ಲಿ ಗೊರೂರು’ ಇವತ್ತಿಗೂ ಓದಿಸಿಕೊಳ್ಳುವುದು ಅವರು ಅಲ್ಲಿನ ಮನೆಯೊಳಗಿನ ದಿನಗಳನ್ನು ಬರೆದದ್ದರಿಂದ. ದೂರದ ದೇಶದಲ್ಲಿ ಸಾಧ್ಯವಾದದ್ದು ಮಲಪ್ರಭೆಯ ದಂಡೆಯಲ್ಲಿ ಯಾಕಾಗಬಾರದು? ನಮಗೆ ಇದರ ಅಭ್ಯಾಸವಿಲ್ಲವೆಂದೂ ಅಲ್ಲ. ಸೂಟಿಗೆ ಅಜ್ಜಿಯ ಊರಿಗೆ ಹೋಗಿ ತಿಂಗಳಿಡೀ ಇದ್ದು ಬಂದವರು ನಾವು. ಆ ಊರಿನ ಹಳ್ಳ, ಗುಡ್ಡ, ಬಾವಿಗಳನ್ನು ನೋಡಿದ ಕಣ್ಣನ್ನು ಪ್ರವಾಸಕ್ಕೆ ಹೊರಟಾಗ ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಕಳೆದ ಮಳೆಗಾಲದ ಕೊನೆಗೆ ಸಿಡ್ಲಫಡಿಗೆ ನಡೆದು ಹೋದಾಗ ಅಲ್ಲೊಬ್ಬ ಕುರಿ ಕಾಯುವ ಹಿರಿಯರಿದ್ದರು. ಬಂಡೆಯ ಕೆಳಗೆ ಮೂರು ಕಲ್ಲಿನ ಒಲೆ, ಬೂದಿ, ಕುರಿ ಹಿಕ್ಕೆ. ಚಿತ್ರಗಳ ಬಗ್ಗೆ ಕೇಳಿದೆ. “ಅವು ಮೊದಲಿಂದ ಅದಾವ್ರಿ” ಎಂದರು. “ಮಳಿ ಹತ್ತಿದ್ರ ನಾವೂ ಇಲ್ಲೇ ವಸ್ತಿ ಇರ್ತೀವಿ.” ಒಲೆಯ ಹೊಗೆ ಚಿತ್ರಗಳಿಗೆ ಒಳ್ಳೆಯದಲ್ಲ ಎಂದು ನನ್ನ ಬಾಯಿಗೆ ಬಂದಿತ್ತು. ಅವರು ಕೂತಿದ್ದ ಜಾಗದಲ್ಲೇ ಹಿಂದೆ ಯಾರೋ ಕೂತು, ಮಳೆ ನಿಲ್ಲುವುದನ್ನು ಕಾಯುತ್ತ ಕೆಮ್ಮಣ್ಣು ಅರೆದಿರಬಹುದು ಅನಿಸಿ ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಇನ್ನೂ ತೀರ್ಮಾನವಾಗಿಲ್ಲ.

“ನೀವು ವಸ್ತಿ ಅದೀರೇನ್ರಿ?” ಎಂದು ಅವರೇ ಕೇಳಿದರು. ಸಂಜೆಯ ಬಸ್ಸಿಗೆ ಹೋಗಬೇಕು ಎಂದೆ. ಬೆಳಗಾವಿಯ ಬಸ್ಸು ಹಿಡಿದು ಮಹಾಂತೇಶ ನಗರದ ರೂಮಿಗೆ ಬಂದಾಗ ರಾತ್ರಿಯಾಗಿತ್ತು. ಈ ಲೇಖನವೂ ಹೋಗಿ ಬಂದವರ ಲೇಖನವೇ ಆಯಿತು. ಮುಂದಿನದನ್ನು ಅಲ್ಲಿ ಇದ್ದು ಬರೆಯಬೇಕು.