ಆಸ್ತಿಗೆ ವಸಿಯತ್ ಇದೆ, ಕೊನೆಯ ದಿನಗಳಿಗೆ?

ಅತುಲ್ ಗವಾಂಡೆ ಅವರ ‘ಬೀಯಿಂಗ್ ಮಾರ್ಟಲ್’ (2014) ಓದುವಾಗ ನಿಮಗೆ ಅಮೆರಿಕದ ಆಸ್ಪತ್ರೆಗಳಿಗಿಂತ ನಿಮ್ಮ ಮನೆಯೇ ಹೆಚ್ಚು ನೆನಪಾಗಬಹುದು. ಗವಾಂಡೆ ಸರ್ಜನ್. ಮೆಡಿಕಲ್ ಕಾಲೇಜು ತಮಗೆ ಸಾವಿನ ಬಗ್ಗೆ ಏನೂ ಕಲಿಸಲಿಲ್ಲ ಎಂದು ಒಪ್ಪಿಕೊಂಡೇ ಅವರು ಪುಸ್ತಕ ಶುರುಮಾಡುತ್ತಾರೆ.

ಪುಸ್ತಕದ ಜೀವ ಇರೋದು ಒಂದು ಸಣ್ಣ ಪ್ರಸಂಗದಲ್ಲಿ. ಸೂಸನ್ ಬ್ಲಾಕ್ ಎಂಬ ವೈದ್ಯೆಯ ತಂದೆಗೆ ಕುತ್ತಿಗೆಯ ಬೆನ್ನುಹುರಿಯಲ್ಲಿ ಗಡ್ಡೆ. ಆಪರೇಷನ್‌ಗೆ ಮುಂಚೆ ಮಗಳು ಕಷ್ಟಪಟ್ಟು ಕೇಳುತ್ತಾರೆ: ಬದುಕಲಿಕ್ಕಾಗಿ ನೀವು ಎಷ್ಟು ಸಹಿಸಲು ಸಿದ್ಧ? ಚಾಕಲೇಟ್ ಐಸ್‌ಕ್ರೀಮ್ ತಿಂದು ಟಿವಿಯಲ್ಲಿ ಫುಟ್‌ಬಾಲ್ ನೋಡೋಕಾದ್ರೆ ಸಾಕು ಅಂತಾರೆ ತಂದೆ. ಆಪರೇಷನ್ ಆದಮೇಲೆ ಒಳಗೆ ರಕ್ತಸ್ರಾವ. ಮತ್ತೆ ಆಪರೇಷನ್ ಮಾಡಬೇಕೇ ಬೇಡವೇ ಎಂದು ಹೇಳಲು ಮಗಳಿಗೆ ಸಿಕ್ಕಿದ್ದು ಮೂರು ನಿಮಿಷ. ಆಮೇಲೆ ತಂದೆಗೆ ಅಷ್ಟು ಮಾಡೋಕಾಗುತ್ತಾ ಅಂತ ಕೇಳುತ್ತಾರೆ. ಆಗುತ್ತೆ ಅಂದದ್ದಕ್ಕೆ ಒಪ್ಪಿಗೆ ಕೊಡುತ್ತಾರೆ. ತಂದೆ ಇನ್ನೂ ಹತ್ತು ವರ್ಷ ಬದುಕಿದರು.

ಗಮನಿಸಿ, ಇಲ್ಲಿ ಮುಂಚೆ ಆಡಿಟ್ಟ ಮಾತು ಚಿಕಿತ್ಸೆಗೆ ದಾರಿ ಮಾಡಿತು. ಮೊದಲೇ ಮಾತಾಡೋದು ಅಂದ್ರೆ ಕೈಚೆಲ್ಲೋದು ಅಲ್ಲ.

ಪುಸ್ತಕದ ಕೊರತೆಯೂ ಇಲ್ಲೇ ಕಾಣುತ್ತದೆ. ರೋಗಿಗೆ ತನ್ನ ಕಾಯಿಲೆ ಗೊತ್ತಿದೆ ಎಂದು ಅದು ನಂಬಿಕೊಂಡು ಹೋಗುತ್ತದೆ. ನಮ್ಮ ಮನೆಗಳಲ್ಲಿ ‘ಅಬ್ಬಾಗೆ ಹೇಳ್ಬೇಡಿ’ ಅನ್ನೋದೇ ಪ್ರೀತಿ. ಕೊನೆಗೆ ಐಸಿಯು ಬಾಗಿಲಲ್ಲಿ ಒಬ್ಬ ಮಗ ವೆಂಟಿಲೇಟರ್ ಬೇಕು ಅಂತಾನೆ, ಇನ್ನೊಬ್ಬ ಬೇಡ ಅಂತಾನೆ. ಅಬ್ಬಾನ ಮನಸ್ಸು ಇಬ್ಬರಿಗೂ ಗೊತ್ತಿಲ್ಲ. ಆ ಜಗಳ ಮಯ್ಯತ್ ಆದಮೇಲೂ ಉಳಿಯುತ್ತದೆ.

‘ಆಯಸ್ಸು ಅಲ್ಲಾಹನ ಕೈಯಲ್ಲಿದೆ, ನಾವ್ಯಾರು ಬರೆಯೋಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜೀವ ತೆಗೆಯುವುದು ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿದುಳು ಪೂರ್ತಿ ಸತ್ತಿದೆ ಎಂದು ತಜ್ಞರು ಖಚಿತಪಡಿಸಿದರೆ ಯಂತ್ರ ತೆಗೆಯಬಹುದು ಎಂದು ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲೇ ಅಮ್ಮಾನ್‌ನಲ್ಲಿ ನಿರ್ಣಯಿಸಿದೆ. ಉಳಿದ ಸಂದರ್ಭಗಳನ್ನು ನಿಮ್ಮ ಆಲಿಮರ ಜೊತೆ, ಡಾಕ್ಟರ ಜೊತೆ ಕೂತು ಕೇಳಿ. ವಸಿಯತ್ ಬರೆಯಲು ಎರಡು ರಾತ್ರಿಯೂ ತಡಮಾಡಬಾರದೆಂದು ಹದೀಸ್ ಕಲಿಸುತ್ತದೆ. ಅದನ್ನು ನಾವು ಸೈಟು, ಮನೆಗಷ್ಟೇ ಸೀಮಿತ ಮಾಡಿಕೊಂಡಿದ್ದೇವೆ.

ಕಾನೂನು ಈಗ ಬಾಗಿಲು ತೆರೆದಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಇಂಥ ಮುಂಗಡ ಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಮ್ಮ ಪರವಾಗಿ ತೀರ್ಮಾನಿಸುವ ಆಪ್ತರ ಹೆಸರು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ಪತ್ರ ಇದ್ದಮಾತ್ರಕ್ಕೆ ಯಾರೂ ಯಂತ್ರ ಆರಿಸುವಂತಿಲ್ಲ, ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು.

ಆದರೂ ಕಾಗದ ಕೊನೆಯ ಮೆಟ್ಟಿಲು. ತಂದೆಗೆ ಕಾಯಿಲೆ ಬಂದಾಗ ಆ ಪ್ರಶ್ನೆ ಕೇಳೋದು ಗವಾಂಡೆಗೂ ಸುಲಭವಾಗಿರಲಿಲ್ಲ. ನಮಗೂ ಆಗೋದಿಲ್ಲ. ಈ ಜುಮಾ ಊಟ ಆದಮೇಲೆ ಅಮ್ಮಿಯ ಪಕ್ಕ ಕೂತು ಕೇಳಿ ನೋಡಿ: ನಿಮಗೆ ಏನಿದ್ರೆ ಸಾಕು?