ಸವಳು ನೀರಿನ ಸೀಮೆಯಲ್ಲಿ ಹಬೆಯ ಸ್ನಾನ

ಬಾಯಿಂದ ಕರಿಮದ್ದು ತುಂಬುವ ಕೇಪಿನ ಬಂದೂಕು ಹಾರಿಸಿದ ರಾತ್ರಿಯೇ ಅದನ್ನು ತೊಳೆಯಬೇಕು. ಬೆಳಗಾಗಲಿ ಅಂದವರ ನಳಿಗೆ ಬಹಳ ಕಾಲ ಬಾಳಿದ್ದನ್ನು ನಾನು ಕಂಡಿಲ್ಲ.

ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಉರಿದ ಮೇಲೆ ತೂಕದ ಅರ್ಧಕ್ಕಿಂತ ಹೆಚ್ಚು ಘನರೂಪದ ಕಿಟ್ಟವಾಗಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣ. ಗಾಳಿಯ ತೇವ ಹೀರಿ ಪಸೆಯಾಗಿ ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ಕರಗುವುದು ನೀರಿನಲ್ಲಿ. ಸೀಮೆಎಣ್ಣೆ ಸುರಿದು ಒರೆಸುವವರು ಆ ಉಪ್ಪಿನ ಮೇಲೆ ಎಣ್ಣೆ ಬಳಿದಿರುತ್ತಾರೆ, ಅಷ್ಟೆ.

ಹಾಗಾದರೆ ಯಾವ ನೀರು? ಬ್ರಿಟಿಷರ ಸೈನ್ಯದಲ್ಲಿ ಕುದಿಯುವ ನೀರನ್ನೇ ನಳಿಗೆಗೆ ಸುರಿಯುತ್ತಿದ್ದರು. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಮನೆಯ ಕೋವಿಗಳನ್ನೆಲ್ಲ ಶುಚಿ ಮಾಡಿ, ತೋಕ್‌ಪೂ ಹೂವು ಮುಡಿಸಿ ಪೂಜಿಸುತ್ತಾರೆ. ಅಲ್ಲಿ ಮಳೆ ಧಾರಾಳ, ನೀರು ಮೆದು. ನಮ್ಮ ಜೇವರ್ಗಿ, ಅಫಜಲಪುರದ ಕರಿನೆಲದಲ್ಲಿ ಎಷ್ಟೋ ಬೋರುಗಳ ನೀರು ಸವಳು. ಹಂಡೆಯ ತಳದಲ್ಲಿ ಬಿಳಿ ಪದರು ಕಟ್ಟುವ ನೀರನ್ನು ನಳಿಗೆಗೆ ಸುರಿದರೆ ಒಂದು ಉಪ್ಪು ತೆಗೆದು ಇನ್ನೊಂದನ್ನು ಬಿಟ್ಟಂತೆ. ಕೊಳಕೂರ ಕಡೆಯ ಹೊಲದ ಮನೆಯೊಂದರಲ್ಲಿ, ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂಟಿನಳಿಗೆಯೊಂದನ್ನು ನೋಡಿದೆ. ತಪ್ಪದೆ ತೊಳೆದಿದ್ದರು, ಆದರೆ ಬೋರಿನ ನೀರಿನಲ್ಲಿ. ಕೇಪು ಕೂರುವ ನಿಪ್ಪಲ್ಲಿನ ಬುಡದಲ್ಲಿ ಜೋಳದ ನುಚ್ಚಿನಷ್ಟು ಕುಳಿಗಳು ಬಿದ್ದಿದ್ದವು. ಅಷ್ಟು ಚೆಂದದ ಕಬ್ಬಿಣ, ನೋಡಿ ಹೊಟ್ಟೆ ಉರಿಯಿತು.

ಹಬೆ ಬೇಕಾಗುವುದು ಇಲ್ಲೇ. ಸವಳು ನೀರು ಕಾಯಿಸಿದರೂ ಉಪ್ಪು ಪಾತ್ರೆಯಲ್ಲೇ ಉಳಿದು, ಮೇಲೇಳುವ ಹಬೆ ಮಾತ್ರ ಶುದ್ಧವಾಗಿರುತ್ತದೆ. ಕೆಟಲಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಕುದಿಯುವ ನೀರು ಸಿಡಿದು ಒಳಹೊಕ್ಕರೆ ಉಪ್ಪೂ ಜೊತೆಗೆ ಹೋಗುತ್ತದೆ.

ಮೊದಲು ನಳಿಗೆಯೊಳಗೆ ಗಜದ ಕೋಲು ಇಳಿಸಿ ನೋಡಿ, ಬಾರು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇದರಲ್ಲಿ ಅವಸರ ಕೂಡದು. ನಳಿಗೆಯನ್ನು ಕಟ್ಟಿಗೆಯಿಂದ ಬಿಡಿಸಿ, ನಿಪ್ಪಲ್ ತಿರುಚಿ ತೆಗೆದು, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ನಿಪ್ಪಲ್ ಕೂರುತ್ತಿದ್ದ ತೂತಿಗೆ ಶಾಖ ತಡೆಯುವ ರಬ್ಬರ್ ಪೈಪಿನಿಂದ ಹಬೆ ಬಿಡಿ. ಬಾಯಿ ಸದಾ ತೆರೆದಿರಬೇಕು, ಕೈ ದೂರವಿರಬೇಕು. ತಣ್ಣನೆಯ ಕಬ್ಬಿಣ ಮುಟ್ಟಿದ ಹಬೆ ನೀರಾಗಿ, ಕೊಳೆತ ಮೊಟ್ಟೆಯ ವಾಸನೆಯೊಡನೆ ಕರಿ ಹನಿಗಳು ತೊಟ್ಟಿಕ್ಕುತ್ತವೆ. ಗಂಧಕ ಹೊರಬೀಳುತ್ತಿರುವ ಗುರುತು ಅದು. ನನಗೆ ಆ ವಾಸನೆ ಹಿತ.

ಬಹಳ ಜನ ಒಂದು ವಿಷಯ ಗಮನಿಸುವುದಿಲ್ಲ. ನಳಿಗೆ ಕಾದ ಮೇಲೆ ಹಬೆ ನೀರಾಗದೆ ಹಾಗೇ ಹಾದುಹೋಗುತ್ತದೆ, ತೊಳೆಯುವ ಕೆಲಸ ಅಲ್ಲಿಗೆ ನಿಂತಿತು. ಒಂದೂವರೆ ಕಿಲೋ ನಳಿಗೆ 25 ಡಿಗ್ರಿಯಿಂದ 100ಕ್ಕೆ ಕಾಯುವಷ್ಟರಲ್ಲಿ ಒಳಗೆ ನೀರಾಗುವುದು ಸುಮಾರು 20 ಗ್ರಾಂ ಹಬೆ. ಅಷ್ಟು ನೀರು ಕಿಟ್ಟವನ್ನು ಮೆದು ಮಾಡೀತು, ಹೊರಗೆ ತಳ್ಳಲಾರದು. ಆದ್ದರಿಂದ ಹಬೆ ನಿಲ್ಲಿಸಿ, ಗಜಕ್ಕೆ ಅರಿವೆ ಸುತ್ತಿ ತಳದವರೆಗೆ ಉಜ್ಜಿ, ನಳಿಗೆ ಆರಿದ ಮೇಲೆ ಮತ್ತೆ ಹಬೆ ಕೊಡಬೇಕು. ಅರಿವೆ ಬೆಳ್ಳಗೆ ಬರುವವರೆಗೆ ಹೀಗೆಯೇ. ಗಂಟೆಗಟ್ಟಲೆ ಹಬೆ ಹಿಡಿದು ಕೂತರೆ ಉರುವಲು ದಂಡ.

ವಿಜಯಪುರದ ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿಗೂ ಬಾಯಿಂದಲೇ ಮದ್ದು ತುಂಬಬೇಕು. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ನಿನ ಆ ತೋಪು ಬಯಲಲ್ಲಿ ಬಿಸಿಲು ಮಳೆ ತಡೆದುಕೊಂಡು ನಿಂತಿದೆ. ಅದು ಕಂಚು. ನಮ್ಮ ಮನೆಯ ಕಬ್ಬಿಣಕ್ಕೆ ಆ ಪುಣ್ಯವಿಲ್ಲ.

ಹಬೆಯ ಇನ್ನೊಂದು ಉಪಕಾರ ಕಾವು. ಬಿಸಿ ನಳಿಗೆ ತಾನೇ ಒಣಗುತ್ತದೆ. ಆದರೆ ಬಿಸಿ, ಒದ್ದೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಬೇಗ. ಕೊನೆಯ ಹಬೆ ಮುಗಿದ ಕೂಡಲೇ ಒಣ ಅರಿವೆ ಆಡಿಸಿ, ಬಿಸಿ ಇರುವಾಗಲೇ ಎಣ್ಣೆ ಸವರಿ. ನಿಪ್ಪಲ್ಲಿನ ತೂತಿಗೆ ಸಣ್ಣ ತಂತಿ ಹಾಯಿಸಿ, ಅದರ ತಿರುಪಿನ ಸುತ್ತುಗಳಿಗೆ ಗ್ರೀಸ್ ಹಚ್ಚಿ ಕೂರಿಸಿ. ಮರುದಿನ ಬಿಳಿ ಅರಿವೆಯೊಂದನ್ನು ತಳಮುಟ್ಟ ಇಳಿಸಿ ತೆಗೆಯಿರಿ. ಕೆಂಪು ಕಂಡರೆ ಇನ್ನೊಮ್ಮೆ ಕೆಟಲಿ ಒಲೆಗಿಡಿ.